ಸಭಾಕಂಪ: ಸ್ವತಂತ್ರ ಪೌರರಿಗೆ ಒಪ್ಪದ ಭಯ

ಕಾಪು ಕಡೆಯ ಕಡಲ ಕರೆಯ ಗ್ರಾಮವೊಂದರಲ್ಲಿ ಜರುಗಿದ ಗ್ರಾಮಸಭೆಗೆ ನಾವು ಹೋಗಿದ್ದೆವು. ಕುಡಿಯುವ ನೀರಿನ ಬಾವಿಯೊಂದನ್ನು ಎಲ್ಲಿ ತೋಡಿಸಬೇಕೆಂಬುದು ಅಂದಿನ ಮುಖ್ಯ ವಿಚಾರ. ಬೇಸಿಗೆ ಬಲಿಯುತ್ತಲೇ ಕರಾವಳಿಯ ಬಾವಿಗಳಲ್ಲಿ ಉಪ್ಪು ನೀರು ಏರುವ ಸಂಕಟವು ನಮ್ಮ ವಾಚಕರಿಗೆ ಹೊಸದಲ್ಲ. ಯಾವ ಹಿತ್ತಿಲಿನ ನೀರು ಮಳೆಗಾಲದ ತನಕ ಸಿಹಿಯಾಗಿಯೇ ನಿಲ್ಲುತ್ತದೆ, ಯಾವುದು ವಿಷುವಿಗೆ ಮೊದಲೇ ಕೆಡುತ್ತದೆ ಎಂಬುದನ್ನು ನಲವತ್ತು ವರ್ಷ ಕಣ್ಣಾರೆ ಕಂಡು ಬಲ್ಲ ಕೃಷಿಕರೊಬ್ಬರು ಆ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಅಧ್ಯಕ್ಷರು, “ಯಾರಿಗಾದರೂ ಹೇಳುವುದುಂಟೋ?” ಎಂದು ಎರಡು ಸಲ ಕೇಳಿದರು. ಅವರು ಅರ್ಧ ಎದ್ದರು, ಅಂಗವಸ್ತ್ರವನ್ನು ಸರಿಪಡಿಸಿಕೊಂಡರು, ಮತ್ತೆ ಕುಳಿತುಬಿಟ್ಟರು. ಮುಂದಿನ ಸಾಲಿನ ಮಾತುಗಾರರೊಬ್ಬರು ತಮ್ಮ ಮನೆಯ ದಾರಿಗೆ ಹತ್ತಿರವಾದ ಸ್ಥಳವನ್ನು ಸೂಚಿಸಿದರು. ಠರಾವು ಆಯಿತು. ಸಭೆ ಮುಗಿದ ಮೇಲೆ ಅದೇ ಕೃಷಿಕರು ಅಶ್ವತ್ಥದ ಕಟ್ಟೆಯ ಬಳಿಯಲ್ಲಿ ನಿಂತು, ನೆಲದ ಪದರ, ಕಡಲಿನ ಅಂತರ, ಹಳೆಯ ಬಾವಿಗಳ ಕಥೆ ಇವೆಲ್ಲವನ್ನೂ ತುಳುವಿನಲ್ಲಿ ಎಷ್ಟು ಸ್ಫುಟವಾಗಿ ವಿವರಿಸಿದರೆಂದರೆ, ಅದನ್ನು ಕೇಳಿದ ನಾಲ್ಕೈದು ಮಂದಿ ತಲೆ ತಗ್ಗಿಸಿದರು. ಬಾವಿ ತೋಡಿದ್ದಾಯಿತು, ಮರುವರ್ಷದ ಬೇಸಿಗೆಯಲ್ಲಿ ಅದರ ನೀರು ಉಪ್ಪಾಯಿತು.

ಆ ಬಾವಿಯ ನೀರನ್ನು ಕೆಡಿಸಿದ್ದು ಸಮುದ್ರವೊಂದೇ ಅಲ್ಲ. ಒಬ್ಬ ತಿಳಿದವರ ಮೌನವೂ ಕೆಡಿಸಿತು. ಈ ಮೌನಕ್ಕೆ ನಮ್ಮ ಹಿರಿಯರು ಸಭಾಕಂಪವೆಂದು ಬಹು ಯುಕ್ತವಾದ ಹೆಸರಿಟ್ಟಿದ್ದಾರೆ. ಇದು ಅಜ್ಞಾನವಲ್ಲ, ಕಟ್ಟೆಯ ಬಳಿ ಮಾತನಾಡಿದವರೂ ಸಭೆಯಲ್ಲಿ ಕುಳಿತುಬಿಟ್ಟವರೂ ಒಬ್ಬರೇ ಅಲ್ಲವೆ? ನಾಲಗೆಯ ದೋಷವೂ ಅಲ್ಲ. ನಾಲ್ಕು ಮಂದಿಯ ಮುಂದೆ ಧಾರಾಳವಾಗಿ ಹರಿಯುವ ಮಾತು ನಲವತ್ತು ಮಂದಿಯ ಮುಂದೆ ಹೆಪ್ಪುಗಟ್ಟುವುದಕ್ಕೆ ಕಾರಣವು ಬೇರೆಯೇ ಇದೆ. ಅದನ್ನು ವಿಚಾರಿಸುವುದೂ, ಅದಕ್ಕೆ ಪರಿಹಾರವನ್ನು ಹುಡುಕುವುದೂ ಇಂದಿನ ಕರ್ತವ್ಯವೆಂದು ನಾವು ಭಾವಿಸುತ್ತೇವೆ.

ಸಭಾಕಂಪವು ಅಲ್ಪರಿಗೆ ಮಾತ್ರ ತಗಲುವ ವ್ಯಾಧಿಯೆಂಬ ಭ್ರಮೆಯು ಮೊದಲು ತೊಲಗಬೇಕು. ಲಂಡನ್ನಿನಲ್ಲಿ ಬಾರಿಸ್ಟರಿಗೆ ಓದುತ್ತಿದ್ದ ಕಾಲದಲ್ಲಿ ಗಾಂಧೀಜಿಯವರು ಶಾಕಾಹಾರಿಗಳ ಸಂಘದ ಕಾರ್ಯಕಾರಿ ಸಮಿತಿಯಲ್ಲಿದ್ದರೂ ಅಲ್ಲಿ ಬಾಯಿ ತೆರೆಯಲಾರದೆ ಕುಳಿತಿರುತ್ತಿದ್ದರು. ಒಮ್ಮೆ ಬರೆದುಕೊಂಡು ಹೋದ ಒಂದೇ ಹಾಳೆಯ ಭಾಷಣವನ್ನು ಓದಲು ಎದ್ದಾಗ ಕಣ್ಣು ಮಂಜಾಗಿ, ಮೈ ನಡುಗಿ, ಕೊನೆಗೆ ಜೊತೆಯಲ್ಲಿದ್ದ ಮಿತ್ರರು ಅದನ್ನು ಓದಬೇಕಾಯಿತು. ಸ್ವದೇಶಕ್ಕೆ ಬಂದ ಮೇಲೆ ಮುಂಬಯಿಯ ಸ್ಮಾಲ್ ಕಾಜ಼್ ಕೋರ್ಟಿನಲ್ಲಿ ಅವರಿಗೆ ದೊರೆತ ಮೊದಲನೆಯ ವ್ಯಾಜ್ಯಕ್ಕೆ ೩೦ ರೂಪಾಯಿಗಳ ಫೀಸು. ಸಾಕ್ಷಿಯನ್ನು ಪಾಟೀಸವಾಲು ಮಾಡಲು ಎದ್ದು ನಿಂತರು. ಕೋರ್ಟೇ ತಿರುಗಿದಂತೆ ತಲೆಸುತ್ತಿತು. ಒಂದು ಪ್ರಶ್ನೆಯೂ ಹೊರಡಲಿಲ್ಲ. ವ್ಯಾಜ್ಯವನ್ನು ಬೇರೆ ವಕೀಲರಿಗೆ ಒಪ್ಪಿಸಿರೆಂದು ಹೇಳಿ, ಫೀಸನ್ನು ಹಿಂದಿರುಗಿಸಿ, ನಾಚಿ ಹೊರಬಂದರು. ಈ ಸಂಗತಿಗಳನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ.

ಹಾಗಾದರೆ ಆ ನಾಲಗೆಯ ಕಟ್ಟು ಬಿಚ್ಚಿದ್ದೆಲ್ಲಿ? ೧೮೯೩ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ. ಅಲ್ಲಿಯ ಭಾರತೀಯ ವರ್ತಕರನ್ನು ಕೂಡಿಸಿ, ವ್ಯಾಪಾರದಲ್ಲಿ ಸತ್ಯವನ್ನು ಪಾಲಿಸಬೇಕೆಂದೂ ತಮ್ಮ ಕಷ್ಟಗಳನ್ನು ಸರಕಾರಕ್ಕೆ ತಿಳಿಸಲು ಒಂದು ಸಂಘ ಬೇಕೆಂದೂ ಅವರು ಹೇಳಿದರು. ತಮ್ಮ ಜೀವಮಾನದ ಮೊದಲನೆಯ ಸಾರ್ವಜನಿಕ ಭಾಷಣವೆಂದು ಅವರು ಅದನ್ನೇ ಎಣಿಸಿದರು. ರೈಲಿನ ಡಬ್ಬಿಯಿಂದ ತಳ್ಳಿಸಿಕೊಂಡ ಅನುಭವವು ಆಗ ಹಸಿಯಾಗಿತ್ತು. ತಮ್ಮವರ ಅವಮಾನವು ಕಣ್ಣೆದುರಿಗಿತ್ತು. ‘ನಾನು ಹೇಗೆ ಕಾಣುತ್ತೇನೆ’ ಎಂಬ ಚಿಂತೆಯ ಸ್ಥಾನದಲ್ಲಿ ‘ಇವರಿಗೆ ಏನಾಗಬೇಕು’ ಎಂಬ ಚಿಂತೆಯು ಬಂದು ಕುಳಿತಿತು. ಅಂದೇ ಭಯವೆಲ್ಲ ಹಾರಿಹೋಯಿತೆಂದು ತಿಳಿಯಬಾರದು. ೧೮೯೬ರಲ್ಲಿ ಮುಂಬಯಿಯ ದೊಡ್ಡ ಸಭೆಯಲ್ಲಿ ಅವರ ಧ್ವನಿಯು ಮತ್ತೆ ನಡುಗಿ ಕುಗ್ಗಿತು. ಬರೆದ ಭಾಷಣವನ್ನು ದಿನ್‌ಶಾ ವಾಚಾ ಅವರು ಓದಿ ಮುಗಿಸಿದರು. ಎಡವಿದರೂ ಅವರು ನಡೆಯುವುದನ್ನು ನಿಲ್ಲಿಸಲಿಲ್ಲ. ಒಂದು ಪ್ರಶ್ನೆಯನ್ನು ಕೇಳಲಾರದೆ ನ್ಯಾಯಸ್ಥಾನದಿಂದ ಹೊರಬಿದ್ದ ಆ ಪುರುಷರೇ ೧೯೩೪ರ ಫೆಬ್ರವರಿಯಲ್ಲಿ ಹರಿಜನ ಯಾತ್ರೆಯ ನಿಮಿತ್ತ ನಮ್ಮ ಉಡುಪಿಗೆ ಬಂದರು. ಆಗ ಅವರ ಮೆಲುದನಿಯ ಮಾತಿಗೆ ಇಡೀ ದೇಶವೇ ಕಿವಿಗೊಡುತ್ತಿತ್ತು. ತಮ್ಮ ಹಳೆಯ ಸಂಕೋಚವು ಮಾತಿನಲ್ಲಿ ಮಿತವನ್ನು ಕಲಿಸಿತೆಂದು ಅವರು ಅದಕ್ಕೆ ಕೃತಜ್ಞರಾಗಿಯೂ ಇದ್ದರು.

ಈ ಭಯದ ದೇಹಧರ್ಮವನ್ನು ಅರಿತರೆ ಅದರ ಅರ್ಧ ಬಲವು ಕುಂದುತ್ತದೆ. ಅಪಾಯವು ಎದುರಾದಾಗ ಓಡುವುದಕ್ಕೋ ಹೋರಾಡುವುದಕ್ಕೋ ಶರೀರವು ತಾನಾಗಿಯೇ ಸಿದ್ಧವಾಗುತ್ತದೆ. ಮೂತ್ರಪಿಂಡಗಳ ಮೇಲೆ ಕುಳಿತಿರುವ ಸಣ್ಣ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆ ಬಡಿಯುತ್ತದೆ, ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ, ಉಸಿರು ಮೇಲುಮೇಲಕ್ಕೆ ಆಡುತ್ತದೆ. ಹುಲಿಯ ಮುಂದೆ ಉಪಕಾರವಾಗುವ ಈ ಏರ್ಪಾಡು, ಸಭೆಯ ನೂರು ಕಣ್ಣುಗಳನ್ನು ಹುಲಿಯ ಕಣ್ಣುಗಳೆಂದು ತಪ್ಪು ತಿಳಿದಾಗ ಉಪದ್ರವವಾಗುತ್ತದೆ. ಮೈ ನಡುಗಿತೆಂದರೆ ತಾನು ಅಯೋಗ್ಯನೆಂದು ಅರ್ಥವಲ್ಲ. ಮೈ ತನ್ನ ಕೆಲಸವನ್ನು ಮಾಡುತ್ತಿದೆಯೆಂದಷ್ಟೇ ಅರ್ಥ. ಮತ್ತೊಂದು ಮಾತು: ಭಾಷಣಕಾರನು ತನ್ನ ನಡುಕವು ಎಲ್ಲರಿಗೂ ಕಾಣುತ್ತಿದೆಯೆಂದು ನಂಬಿರುತ್ತಾನೆ; ಕೇಳುವವರಿಗೆ ಅದರಲ್ಲಿ ಕಾಣುವುದು ಬಹು ಸ್ವಲ್ಪವೆಂದು ಮನಶ್ಶಾಸ್ತ್ರಜ್ಞರು ಪರೀಕ್ಷೆಯಿಂದ ಕಂಡುಕೊಂಡಿದ್ದಾರೆ. ಎದೆಯೊಳಗಿನ ಡೋಲು ಅವನೊಬ್ಬನಿಗೇ ಕೇಳಿಸುವ ಡೋಲು.

ಆದರೂ ಈ ಭಯಕ್ಕೆ ಊರಿನ ಕೊಡುಗೆಯೂ ಉಂಟು. ಕಾರ್ಕಳ ಸೀಮೆಯ ನಂದಳಿಕೆಯಲ್ಲಿ ೧೮೭೦ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನವರು ಉಡುಪಿಯ ಶಾಲೆಯಲ್ಲಿ ಅಂಗಸಾಧನೆಯ ಉಪಾಧ್ಯಾಯರಾಗಿದ್ದರು. ಅವರು ‘ಅದ್ಭುತ ರಾಮಾಯಣ’ವನ್ನೂ ‘ಶ್ರೀ ರಾಮಾಶ್ವಮೇಧ’ವನ್ನೂ ಬರೆದರು, ಆದರೆ ಅವು ತಮ್ಮವೆಂದು ಹೇಳಿಕೊಳ್ಳಲಿಲ್ಲ. ‘ಮುದ್ದಣ’ನೆಂಬ ಹೆಸರಿನಲ್ಲಿ, ಯಾವನೋ ಹಳೆಯ ಕವಿಯ ಕೃತಿಗಳೆಂಬಂತೆ, ಮೈಸೂರಿನ ಪತ್ರಿಕೆಗೆ ಕಳುಹಿಸಿದರು. ೧೯೦೧ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಕ್ಷಯರೋಗದಿಂದ ತೀರಿಹೋದರು. ಮುದ್ದಣನು ಯಾರೆಂದು ಕನ್ನಡ ನಾಡು ತಿಳಿದದ್ದು ಆಮೇಲೆ. ಬಡ ಡ್ರಿಲ್ ಮಾಸ್ತರನ ಕಾವ್ಯವನ್ನು ಯಾರು ಓದುವರೆಂಬ ಶಂಕೆಯು ಅವರನ್ನು ಬಾಧಿಸಿರಬೇಕೆಂದು ನಾವು ಊಹಿಸಿದರೆ ತಪ್ಪಾಗಲಾರದು. ಬದುಕಿರುವವರ ಮಾತಿಗೆ ಬೆಲೆ ಕೊಡದ ಸಮಾಜವು ಬದುಕಿರುವವರಿಂದ ಮಾತನ್ನು ಕೇಳಲಾರದು. ಸಭೆಯಲ್ಲಿ ಒಬ್ಬನು ತೊದಲಿದಾಗ ಹಿಂದಿನಿಂದ ನಗುವವರೂ, ‘ಇವನಿಗೇಕೆ ಈ ಉಸಾಬರಿ’ ಎಂದು ಪಿಸುಗುಟ್ಟುವವರೂ ಈ ಪಾಪದಲ್ಲಿ ಪಾಲುಗಾರರು.

ವಿಚಿತ್ರವೇನೆಂದರೆ, ಮಾತನ್ನೇ ಕಲೆಯಾಗಿ ಬೆಳೆಸಿದ ನಾಡು ನಮ್ಮದು. ವೇಷವಿಲ್ಲ, ರಂಗಸ್ಥಳವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡಿದೊಡನೆ ಅರ್ಥಧಾರಿಯು ಕುಳಿತಲ್ಲಿಯೇ, ಯಾವ ಬರಹದ ಆಧಾರವೂ ಇಲ್ಲದೆ, ಅದರ ಅರ್ಥವನ್ನು ಸ್ವಂತ ಮಾತಿನಲ್ಲಿ ಕಟ್ಟಬೇಕು. ಎದುರು ಪಾತ್ರದವರು ಎತ್ತಿದ ಆಕ್ಷೇಪಕ್ಕೆ ಆ ಕ್ಷಣದಲ್ಲಿಯೇ ಉತ್ತರ ಕೊಡಬೇಕು. ಇಂಥ ತಾಳಮದ್ದಳೆಯು ನಮ್ಮ ಮನೆಯ ಚಾವಡಿಗಳಲ್ಲಿಯೂ ದೇವಾಲಯಗಳ ಅಂಗಳದಲ್ಲಿಯೂ ತಲೆತಲಾಂತರದಿಂದ ನಡೆದುಬಂದಿದೆ. ಶೇಣಿ ಗೋಪಾಲಕೃಷ್ಣ ಭಟ್ಟರು (೧೯೧೮–೨೦೦೬) ವಾಲಿಯಾಗಿಯೋ ರಾವಣನಾಗಿಯೋ ತರ್ಕವನ್ನು ಹೂಡಿದರೆ ಊರು ಬೆಳಗಿನವರೆಗೆ ಎಚ್ಚರವಾಗಿರುತ್ತಿತ್ತು. ಮಲ್ಪೆಯ ಶಂಕರನಾರಾಯಣ ಸಾಮಗರು, ರಾಮದಾಸ ಸಾಮಗರು ಎಂಬ ಸಹೋದರರು ಅರ್ಥಗಾರಿಕೆಯಲ್ಲಿಯೂ ಹರಿಕಥೆಯಲ್ಲಿಯೂ ಮನೆಮಾತಾದವರು. ಉಡುಪಿಯ ಬನ್ನಂಜೆ ಗೋವಿಂದಾಚಾರ್ಯರು (೧೯೩೬–೨೦೨೦) ಗಹನವಾದ ವೇದಾಂತವನ್ನು ತಿಳಿಗನ್ನಡದಲ್ಲಿ ಪೇಟೆಯ ಸಾಮಾನ್ಯರಿಗೂ ಮುಟ್ಟಿಸಿದರು. ಮಠಗಳ ಪಾಠಶಾಲೆಗಳಲ್ಲಿ ವಾಕ್ಯಾರ್ಥಕ್ಕೆ ಕುಳಿತ ವಿದ್ಯಾರ್ಥಿಯು ಪೂರ್ವಪಕ್ಷವನ್ನು ತಾನೇ ಹೇಳಿ, ಸಿದ್ಧಾಂತವನ್ನು ತಾನೇ ಸಾಧಿಸಬೇಕು. ಇಷ್ಟೆಲ್ಲ ಸಂಪತ್ತಿದ್ದೂ ಗ್ರಾಮಸಭೆಯಲ್ಲಿ ನಾವು ಮೂಕರಾಗುವುದೇಕೆ?

ಇದಕ್ಕೆ ಉತ್ತರವು ನಮಗೆ ಸ್ವಾನುಭವದಿಂದ ತಿಳಿದಿದೆ. ನಾವು ಪಾಠಶಾಲೆಯಲ್ಲಿ ಕಲಿತವರು. ಶಾಸ್ತ್ರದ ಪಂಕ್ತಿಯ ಮೇಲೆ ಗುರುಗಳ ಎದುರಿನಲ್ಲಿ ನಿರರ್ಗಳವಾಗಿ ವಾದಿಸಿದವರು. ಆದರೆ ಪ್ರೌಢಶಾಲೆಗೆ ಸೇರಿದ ಮೇಲೆ ಒಂದು ಸಭೆಯಲ್ಲಿ ನಮ್ಮದೇ ಅಭಿಪ್ರಾಯವನ್ನು ಹೇಳಲು ಎದ್ದಾಗ, “ಅಧ್ಯಕ್ಷರೇ” ಎಂಬ ಸಂಬೋಧನೆಯ ಮುಂದೆ ಒಂದಕ್ಷರವೂ ಬರಲಿಲ್ಲ. ಅಲ್ಲಿ ಶಾಸ್ತ್ರದ ಮರೆಯಿತ್ತು, ಇಲ್ಲಿ ಇರಲಿಲ್ಲ. ಅರ್ಥಧಾರಿಗೂ ಹೀಗೆಯೇ ಕೃಷ್ಣನ ಮರೆಯುಂಟು, ಕೌರವನ ಮರೆಯುಂಟು. ಸ್ವಂತ ಹೆಸರಿನಲ್ಲಿ, ಸ್ವಂತ ಊರಿನ ರಸ್ತೆಯ ವಿಚಾರವಾಗಿ, ನಾಳೆಯೂ ಮುಖ ನೋಡಬೇಕಾದ ನೆರೆಯವರ ಎದುರಿನಲ್ಲಿ ಮಾತನಾಡುವುದು ಬೇರೆಯೇ ಒಂದು ಧೈರ್ಯ. ನಮ್ಮ ಉಪಾಧ್ಯಾಯರೊಬ್ಬರು ಅಂದು ಗದರಿಸಲೂ ಇಲ್ಲ, ಸಮಾಧಾನದ ಮಾತನ್ನೂ ಹೇಳಲಿಲ್ಲ. “ಮುಂದಿನ ಶನಿವಾರ ಮೂರೇ ವಾಕ್ಯ ಹೇಳು, ಕುಳಿತುಕೋ” ಎಂದರು. ಮೂರು ವಾಕ್ಯ ಹೇಳಿದೆವು, ಮರುವಾರ ಐದು. ಭಯವು ಉಪದೇಶದಿಂದ ಹೋಗುವುದಿಲ್ಲ, ಅಭ್ಯಾಸದಿಂದ ಹೋಗುತ್ತದೆ. ಅಭ್ಯಾಸವಾದರೂ ಚಿಕ್ಕದರಿಂದ ಆರಂಭವಾಗಬೇಕು. ತಾಳಮದ್ದಳೆಯಲ್ಲಿಯೂ ಹೊಸಬನಿಗೆ ಮೊದಲು ದೊರೆಯುವುದು ದೂತನ ಅರ್ಥವೇ ಹೊರತು ಭೀಷ್ಮನದಲ್ಲ.

ಆದುದರಿಂದ ಹೊಸದಾಗಿ ಮಾತನಾಡಬಯಸುವ ಪೌರರಿಗೆ ಕೆಲವು ಸೂಚನೆಗಳನ್ನು ಕೊಡುತ್ತೇವೆ. ಮೊದಲನೆಯದಾಗಿ, ಹೇಳುವುದು ಇದ್ದರೆ ಮಾತ್ರ ಏಳಬೇಕು. ವಿಷಯವು ಎದೆಯಲ್ಲಿದ್ದರೆ ಮಾತು ಬಾಯಿಗೆ ಬರುತ್ತದೆ. ಎರಡನೆಯದಾಗಿ, ಭಾಷಣವೆಲ್ಲವನ್ನೂ ಬಾಯಿಪಾಠ ಮಾಡಬಾರದು. ಒಂದು ಪದ ಮರೆತರೆ ಸರಪಳಿಯೇ ಕಡಿಯುತ್ತದೆ. ಮೊದಲನೆಯ ವಾಕ್ಯವನ್ನೂ ಕೊನೆಯ ವಾಕ್ಯವನ್ನೂ ಮನನ ಮಾಡಿ, ನಡುವಿನ ಮೂರು ಅಂಶಗಳನ್ನು ಚೀಟಿಯಲ್ಲಿ ಗುರುತು ಹಾಕಿಕೊಂಡರೆ ಸಾಕು. ಮೂರನೆಯದಾಗಿ, ಏಳುವುದಕ್ಕೆ ಮುಂಚೆ ಉಸಿರನ್ನು ನಿಧಾನವಾಗಿ ಎಳೆದು, ಅದಕ್ಕಿಂತಲೂ ನಿಧಾನವಾಗಿ ಬಿಡಬೇಕು. ಎದೆಯ ಬಡಿತವು ತಗ್ಗುತ್ತದೆ. ನಾಲ್ಕನೆಯದಾಗಿ, ಗುಂಪನ್ನು ನೋಡದೆ ಸ್ನೇಹದ ಮುಖವೊಂದನ್ನು ಹುಡುಕಿ ಅವರಿಗೇ ಹೇಳುವಂತೆ ಹೇಳಬೇಕು. ಐದನೆಯದಾಗಿ, ಧ್ವನಿಯನ್ನು ಬಯಲಿನಲ್ಲಿ ಸಾಧಿಸಬೇಕು. ಗ್ರೀಸ್ ದೇಶದ ಡೆಮಾಸ್ತನೀಸನು ಬಾಯಲ್ಲಿ ಹರಳುಗಳನ್ನಿಟ್ಟುಕೊಂಡು ಉಚ್ಚಾರವನ್ನೂ, ಕಡಲಿನ ಮೊರೆತಕ್ಕೆ ಎದುರಾಗಿ ನಿಂತು ಕಂಠವನ್ನೂ ಪಳಗಿಸಿದನೆಂದು ಪ್ರತೀತಿಯುಂಟು. ಹರಳು ಬೇಡ, ಆದರೆ ೧೯೦೧ರಿಂದ ದೀಪಸ್ತಂಭವು ನಿಂತಿರುವ ಕಾಪುವಿನ ಬಂಡೆಯ ಬಳಿಗೆ ಹೋಗುವುದಕ್ಕೆ ನಮಗೇನು ಅಡ್ಡಿ? ಅಲ್ಲಿಯ ಅಲೆಗಳು ಯಾರನ್ನೂ ಗೇಲಿ ಮಾಡುವುದಿಲ್ಲ. ಆರನೆಯದಾಗಿ, ವಂದನಾರ್ಪಣೆ, ಠರಾವಿನ ಅನುಮೋದನೆ, ಒಂದು ಪ್ರಶ್ನೆ ಇಂಥ ಸಣ್ಣ ಕೆಲಸಗಳಿಂದ ತೊಡಗಬೇಕು. ಕೊನೆಯದಾಗಿ, ಹೇಳಿ ಮುಗಿದೊಡನೆ ಕುಳಿತುಕೊಳ್ಳಬೇಕು. ಸಭಾಕಂಪದಷ್ಟೇ ಕೆಟ್ಟ ವ್ಯಾಧಿ ವಾಚಾಳತೆ. ಮೊದಲನೆಯದು ಒಬ್ಬನನ್ನು ಪೀಡಿಸಿದರೆ ಎರಡನೆಯದು ಸಭೆಯೆಲ್ಲವನ್ನೂ ಪೀಡಿಸುತ್ತದೆ.

ಇಲ್ಲಿ ಒಂದು ಭೇದವನ್ನು ಮರೆಯಬಾರದು. ಉಗ್ಗು ಬೇರೆ, ಭಯ ಬೇರೆ. ಉಗ್ಗುಳ್ಳವರಿಗೆ ‘ಧೈರ್ಯ ತಂದುಕೋ’ ಎನ್ನುವುದು ಕುಂಟುವವನಿಗೆ ‘ಓಡು’ ಎಂದಂತೆ. ಅವರಿಗೆ ವಾಕ್ಚಿಕಿತ್ಸೆಯ ನೆರವುಂಟು. ೧೯೬೫ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಸ್ಥಾಪಿತವಾಯಿತು; ನಮ್ಮ ಮಣಿಪಾಲದಲ್ಲಿಯೂ ಆ ಶಾಸ್ತ್ರವನ್ನು ಕಲಿಸುವ, ಚಿಕಿತ್ಸೆ ನೀಡುವ ವಿಭಾಗವಿದೆ. ಸಭೆಯಲ್ಲಿ ಅವರಿಗೆ ಬೇಕಾದುದು ನಮ್ಮ ತಾಳ್ಮೆ. ಅವರ ವಾಕ್ಯವನ್ನು ನಾವು ಮುಗಿಸಿಕೊಡುವ ಆತುರವಲ್ಲ.

ಭಾಷೆಯ ಭಯವನ್ನೂ ಹೇಳದಿರಲಾಗದು. ನಮ್ಮ ಮನೆಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಕುಂದಗನ್ನಡ. ಸಭೆಗಳಲ್ಲಿ ಗ್ರಂಥಸ್ಥ ಕನ್ನಡ. ಮಣಿಪಾಲದ ಸಭಾಭವನಗಳಲ್ಲಿ ಇಂಗ್ಲಿಷು. ವಿಭಕ್ತಿ ತಪ್ಪೀತೆಂದು ಒಬ್ಬರು, ಇಂಗ್ಲಿಷು ತಪ್ಪೀತೆಂದು ಇನ್ನೊಬ್ಬರು ಬಾಯಿ ಮುಚ್ಚುತ್ತಾರೆ. ಕನ್ನಡವನ್ನು ಪ್ರಾಣಸಮಾನವಾಗಿ ಪ್ರೀತಿಸುವ ನಾವೇ ಹೇಳುತ್ತೇವೆ: ಬಾವಿಯ ಮಾತು ತುಳುವಿನಲ್ಲಿ ಬಂದರೆ ತುಳುವಿನಲ್ಲಿಯೇ ಬರಲಿ, ಅದನ್ನು ಕನ್ನಡದಲ್ಲಿ ನಡವಳಿಯ ಪುಸ್ತಕಕ್ಕೆ ಇಳಿಸುವುದು ಬರೆಯುವವರ ಕೆಲಸ. ವ್ಯಾಕರಣಕ್ಕೆ ಹೆದರಿ ಸತ್ಯವು ಮನೆಯಲ್ಲಿ ಉಳಿಯಬಾರದು. ಅಧಿಕಾರಿವರ್ಗದ ಮಿತ್ರರಿಗೂ ಒಂದು ವಿಜ್ಞಾಪನೆ. ಬರೆದು ತಂದ ವರದಿಯನ್ನು ಕಾಗದದಿಂದ ತಲೆಯೆತ್ತದೆ ಓದುವುದೂ ಸಭಾಕಂಪದ ಒಂದು ವೇಷವೇ. ಅಂಕೆಗಳು ಕಾಗದದಲ್ಲಿರಲಿ; ಕಾರಣಗಳನ್ನು ಜನರ ಮುಖ ನೋಡಿ ಹೇಳಿರಿ. ನೀವು ನಿರ್ಭಯವಾಗಿ ಮಾತನಾಡಿದರೆ ಜನರೂ ನಿರ್ಭಯವಾಗಿ ಕೇಳುತ್ತಾರೆ.

‘ಮಾತು ಬೆಳ್ಳಿ, ಮೌನ ಬಂಗಾರ’ವೆಂದು ಕೆಲವರು ಆಕ್ಷೇಪಿಸಬಹುದು. ಕಾರ್ಕಳದ ಬಂಡೆಯ ಮೇಲೆ, ೧೪೩೨ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ೪೨ ಅಡಿಗಳ ಗೊಮ್ಮಟನು ತುಟಿ ಬಿಚ್ಚದೆ ನಿಂತಿದ್ದಾನಲ್ಲವೆ ಎಂದೂ ಕೇಳಬಹುದು. ಅಹುದು. ಆದರೆ ಬಾಹುಬಲಿಯು ಮೊದಲು ಚಕ್ರವರ್ತಿಯಾದ ಅಣ್ಣನನ್ನೇ ಎದುರಿಸಿ ನಿಂತವನು; ಗೆದ್ದು, ಗೆದ್ದುದನ್ನು ಬಿಟ್ಟು, ಆಮೇಲೆ ಮೌನಿಯಾದವನು. ಅವನದು ತ್ಯಾಗದ ಮೌನ. ಹೇಳಬೇಕಾದುದನ್ನು ಹೇಳಲಾರದೆ ಮನೆಗೆ ಬಂದು ಹಲುಬುವ ನಮ್ಮ ಮೌನಕ್ಕೆ ಅವನ ಹೆಸರನ್ನು ಎರವಲು ತರುವುದು ಸಲ್ಲದು.

ಈ ನಾಡಿನಲ್ಲಿ ಮಾತಿಗೆ ತೆತ್ತ ಬೆಲೆಯನ್ನು ನೆನೆಯೋಣ. ಬರೆದ ಲೇಖನಗಳಿಗಾಗಿ ಲೋಕಮಾನ್ಯ ತಿಲಕರಿಗೆ ೧೯೦೮ರಲ್ಲಿ ಆರು ವರ್ಷಗಳ ಶಿಕ್ಷೆಯಾಯಿತು. ಅವರನ್ನು ಮಂಡಾಲೆಯ ಸೆರೆಗೆ ಒಯ್ದರು. ಮಂಗಳೂರಿನಲ್ಲಿ ೧೯೦೩ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು, ಸ್ತ್ರೀಯರಿಗೆ ವೇದಿಕೆಯೇ ಇಲ್ಲದ ದಿನಗಳಲ್ಲಿ, ೧೯೨೬ರಲ್ಲಿ ಮದರಾಸು ವಿಧಾನ ಪರಿಷತ್ತಿನ ಚುನಾವಣೆಗೆ ನಿಂತರು. ೧೯೩೦ರಲ್ಲಿ ಉಪ್ಪಿನ ಸತ್ಯಾಗ್ರಹದಲ್ಲಿ ಸ್ತ್ರೀಯರಿಗೂ ಸ್ಥಾನವಿರಬೇಕೆಂದು ಗಾಂಧೀಜಿಯವರೊಡನೆಯೇ ವಾದಿಸಿದರು. ಅಂದಿನವರ ಎದುರಿಗಿದ್ದುದು ಲಾಠಿಯ ಭಯ, ಸೆರೆಮನೆಯ ಭಯ. ಇಂದು ನಮ್ಮನ್ನು ಕೂರಿಸುವುದು ನೆರೆಯವರ ನಗೆಯ ಭಯ. ೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ಸಂವಿಧಾನವು ತನ್ನ ೧೯ನೆಯ ಅನುಚ್ಛೇದದಲ್ಲಿ ವಾಕ್‌ಸ್ವಾತಂತ್ರ್ಯವನ್ನು ನಮಗೆ ಬರೆದುಕೊಟ್ಟಿದೆ. ೧೯೯೩ರ ಪಂಚಾಯತಿ ಶಾಸನವು ಗ್ರಾಮಸಭೆಯನ್ನು ಕಟ್ಟಿಕೊಟ್ಟಿದೆ. ಪಂಚಾಯತಿಗಳ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿವೆ. ಆದರೆ ಆಸನವು ದೊರೆತು ಧ್ವನಿಯು ದೊರೆಯದಿದ್ದರೆ, ಸದಸ್ಯೆಯ ಪರವಾಗಿ ಗಂಡನು ಮಾತನಾಡುತ್ತಾನೆ. ಊರಿನ ಪರವಾಗಿ ಗುತ್ತಿಗೆದಾರನು ಮಾತನಾಡುತ್ತಾನೆ. ಉಪಯೋಗಿಸದ ಹಕ್ಕು ಪೆಟ್ಟಿಗೆಯಲ್ಲಿಟ್ಟ ದಸ್ತಾವೇಜು. ಅದನ್ನು ಗೆದ್ದಲು ತಿನ್ನುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಆದುದರಿಂದ ಮೂರು ಕಾರ್ಯಗಳನ್ನು ನಾವು ಸೂಚಿಸುತ್ತೇವೆ. ಉಡುಪಿ, ಕಾಪು, ಕಾರ್ಕಳಗಳ ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ವಾರಕ್ಕೊಂದು ತಾಸು ಸಭೆಗೆ ಮೀಸಲಾಗಲಿ; ಅಲ್ಲಿ ಬಹುಮಾನಕ್ಕಾಗಿ ಕಂಠಪಾಠ ಒಪ್ಪಿಸುವುದನ್ನು ಬಿಟ್ಟು, ಪ್ರತಿಯೊಂದು ಮಗುವೂ ತಾನು ಕಂಡುದನ್ನು ಮೂರು ವಾಕ್ಯಗಳಲ್ಲಿ ಹೇಳಲಿ. ತಾಳಮದ್ದಳೆಯ ಸಂಘಗಳು ಹೊಸಬರಿಗೂ ಸ್ತ್ರೀಯರಿಗೂ ಚಿಕ್ಕ ಅರ್ಥಗಳನ್ನು ಕೊಟ್ಟು ಪಳಗಿಸಲಿ. ಗ್ರಾಮಸಭೆಯ ಅಧ್ಯಕ್ಷರು ಮೊದಲನೆಯ ಅರ್ಧ ತಾಸನ್ನು ಹಿಂದೆಂದೂ ಮಾತನಾಡದವರಿಗೆ ಬಿಟ್ಟುಕೊಟ್ಟು, ರೂಢಿಯ ಮಾತುಗಾರರನ್ನು ಅಷ್ಟು ಹೊತ್ತು ಸುಮ್ಮನಿರಿಸಲಿ. ಇವುಗಳಿಗೆ ಸರಕಾರದ ಅನುದಾನವು ಬೇಕಾಗಿಲ್ಲ, ಶಿಲಾನ್ಯಾಸವೂ ಬೇಕಾಗಿಲ್ಲ.

ಆ ಕಡಲ ಕರೆಯ ಗ್ರಾಮದಲ್ಲಿ ಮತ್ತೊಂದು ಬಾವಿಯ ವಿಚಾರವು ಬರಲಿದೆಯೆಂದು ಕೇಳಿದ್ದೇವೆ. ಆ ಹಿರಿಯ ಕೃಷಿಕರಿಗೆ ನಮ್ಮದೊಂದು ಪ್ರಾರ್ಥನೆ: ಈ ಸಲ ಅರ್ಧ ಎದ್ದು ಕುಳಿತುಕೊಳ್ಳಬೇಡಿರಿ, ಪೂರ್ತಿ ಏಳಿರಿ. ಕೈ ನಡುಗಿದರೆ ನಡುಗಲಿ. ನೀರು ಎಲ್ಲಿ ಸಿಹಿಯೆಂಬುದನ್ನು ತುಳುವಿನಲ್ಲಿಯೇ ಮೂರು ವಾಕ್ಯಗಳಲ್ಲಿ ಹೇಳಿರಿ. ಮುಂದಿನ ಬೇಸಿಗೆಯಲ್ಲಿ ಆ ಬಾವಿಯಿಂದ ನೀರು ಸೇದುವ ತಾಯಂದಿರು ನಿಮ್ಮ ನಡುಕವನ್ನು ನೆನೆಯಲಾರರು; ನೀರನ್ನು ನೆನೆದಾರು.